ದೊಡ್ಡಕ್ಕನ ಬಿಕ್ಕು

ಟಯರ್ ಅಂಗಡಿಯ ಮೇಲಿನ ಕೋಣೆ
ಫೆಬ್ರವರಿ 3

ಅತ್ತೆಯವರಿಗೆ ಕಿರಿಯ ಸೊಸೆಯ ನಮಸ್ಕಾರ.

ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ಭಾವನವರೇ ಎತ್ತಿಕೊಂಡು, ನೀವು ಫೋನಿಗೆ ಬರುವುದಿಲ್ಲವಂತೆ ಎಂದರು. ನಿಮಗೆ ನನ್ನ ಮೇಲೆ ಸಿಟ್ಟಿದೆ ಎಂದು ಗೊತ್ತು. ನಿಮ್ಮ ಮಗ ತೀರಿಕೊಂಡ ಮೇಲೆ ಲಾರಿ ಮಾರುವುದು ಬೇಡ, ನಾನೇ ಓಡಿಸುತ್ತೇನೆ ಎಂದು ಹಟ ಹಿಡಿದು ಇಷ್ಟು ದೂರದ ಕಲ್ಲು ಕ್ವಾರಿಗೆ ತಂದು ಕೂತವಳು ನಾನು. ಆದರೆ ಈಗ ಬರೆಯುತ್ತಿರುವುದು ನನಗಾಗಿ ಅಲ್ಲ, ದೊಡ್ಡಕ್ಕನಿಗಾಗಿ. ಮಕ್ಕಳಿಗಿಂತ ಮೊದಲೇ ಮನೆಗೆ ಬಂದಳೆಂದು ಲಾರಿಗೆ ಆ ಹೆಸರಿಟ್ಟವರು ನೀವೇ. ಅವಳಿಗೆ ಈಗ ಮೈ ಸರಿಯಿಲ್ಲ.

ಕಲ್ಲು ತುಂಬುವ ಹೊಂಡ ಕೆಳಗಿದೆ, ಜಲ್ಲಿ ಮಾಡುವ ಕ್ರಷರ್ ಗುಡ್ಡದ ತುದಿಯಲ್ಲಿದೆ. ತುಂಬಿದ ಲಾರಿ ಆ ಏರು ಹತ್ತಬೇಕು. ತಿಂಗಳಿಂದೀಚೆ ಏರಿನಲ್ಲಿ ಕಪ್ಪು ಹೊಗೆ ಉಗುಳುತ್ತಾಳೆ, ಮೈಯೆಲ್ಲ ನಡುಗುತ್ತದೆ, ಬಿಕ್ಕುತ್ತಾಳೆ. ಡೀಸೆಲ್ ಎಷ್ಟು ಹಾಕಿದರೂ ಸಾಲದು. ಬೇರೆಯವರು ವಾರಕ್ಕೊಮ್ಮೆ ಟ್ಯಾಂಕ್ ತುಂಬಿಸಿದರೆ ನಾನು ವಾರದ ನಡುವೆಯೇ ಬಂಕಿನಲ್ಲಿ ನಿಂತಿರುತ್ತೇನೆ. ಅಲ್ಲಿ ಡೀಸೆಲ್ ಹಾಕುವ ಹೆಂಗಸು ನನ್ನನ್ನು ಕಂಡರೆ ಸಾಕು, "ನಿನ್ ಲಾರಿ ನನ್ ಅಳಿಯನ ಥರ ಕಣೆ, ಬಂದಾಗೆಲ್ಲ ಕುಡಿಯೋಕೆ ಕೇಳುತ್ತೆ, ಕೆಲಸ ಹೇಳಿದ್ರೆ ಏದುಸಿರು ಬಿಡುತ್ತೆ" ಎನ್ನುತ್ತಾಳೆ.

ಇಲ್ಲಿಯ ಒಬ್ಬ ಮೆಕ್ಯಾನಿಕ್ ಡೀಸೆಲ್ ಚಿಮ್ಮಿಸುವ ನಾಜಲ್ ಹೋಗಿದೆ ಎಂದ. ಇನ್ನೊಬ್ಬ ಪಂಪು ಎಂದ. ಮೂರನೆಯವನು ಬಾನೆಟ್ಟನ್ನೂ ಎತ್ತದೆ, "ವಯಸ್ಸಾಯ್ತಮ್ಮ, ಬಿಟ್ಬಿಡಿ" ಎಂದ. ದೊಡ್ಡಕ್ಕ ತಿರುವಿನಲ್ಲಿ ಬರುತ್ತಿರುವಾಗಲೇ ಅಡಿಗೆಮನೆಯಲ್ಲಿ ಕೂತು ಯಾವ ಕಾಯಿಲೆ ಎಂದು ಹೇಳುತ್ತಿದ್ದಿರಂತೆ ನೀವು. ನಿಮ್ಮ ಮಗ ಎಷ್ಟೋ ಸಲ ಆ ಕಥೆ ಹೇಳಿ ನಗುತ್ತಿದ್ದರು. ಆ ಕಿವಿ ಈಗ ನನಗೆ ಬೇಕು. ಸಿಟ್ಟನ್ನು ಒಂದು ಕಡೆ ಇಟ್ಟು ಉತ್ತರ ಬರೆಯಿರಿ.

ನಿಮ್ಮ ಸೊಸೆ


ಮನೆ
ಫೆಬ್ರವರಿ 9

ಕಿರಿಯವಳಿಗೆ,

ಫೋನ್ ಮಾಡಬೇಡ. ಫೋನಿನಲ್ಲಿ ಆಡಿದ ಮಾತಿಗೆ ತಲೆಬುಡ ಇರುವುದಿಲ್ಲ. ಬರೆದರೆ ನಾನು ನಾಲ್ಕು ಸಲ ಓದಬಹುದು. ನೀನೂ ಬರೆಯುವ ಮೊದಲು ಒಂದು ಸಲ ಯೋಚಿಸುತ್ತೀಯ.

ನನಗೆ ಸಿಟ್ಟಿದೆಯೋ ಇಲ್ಲವೋ ಅದು ನನ್ನ ವಿಷಯ. ಲಾರಿಯ ವಿಷಯ ಹೇಳುತ್ತೇನೆ.

ಮೊದಲನೆಯದು ನಿನ್ನ ಬಲಗಾಲು. ನನ್ನ ಮಗನ ಪಕ್ಕದಲ್ಲಿ ಕೂತು ಕಲಿತವಳು ನೀನು, ಅವನ ಕಾಲೂ ಭಾರವಾಗಿತ್ತು. ಏರಿನಲ್ಲಿ ಎಂಜಿನ್ ಸೋಲುವ ಮೊದಲೇ ಗೇರು ಇಳಿಸಬೇಕು. ಸೋತ ಮೇಲೆ ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿ ಹಿಡಿದರೆ ಡೀಸೆಲ್ ಹೊಗೆಯಾಗಿ ಹೋಗುತ್ತದೆ.

ಎರಡನೆಯದು, ಮೂರು ಮೆಕ್ಯಾನಿಕ್‌ಗಳ ಹತ್ತಿರ ಕೇಳಬೇಡ. ನಿನ್ನ ಮಾವನವರು ಲಾರಿಗೆ ಕೈ ಹಾಕುತ್ತಿದ್ದ ಕ್ರಮ ಬೇರೆ. ಒಂದು ಸಲಕ್ಕೆ ಒಂದೇ ರಿಪೇರಿ. ಮಾಡಿದ ಮೇಲೆ ಅದೇ ರಸ್ತೆ, ಅಷ್ಟೇ ಭಾರ, ಅದೇ ಡ್ರೈವರ್. ಬದಲಾವಣೆ ಕಂಡರೆ ಸರಿ, ಕಾಣದಿದ್ದರೆ ಮುಂದಿನದು. ಒಟ್ಟಿಗೆ ನಾಲ್ಕು ಭಾಗ ಬದಲಾಯಿಸಿದರೆ ಲಾರಿ ಸರಿಯಾದರೂ ಯಾಕೆ ಸರಿಯಾಯಿತು ಎಂದು ಯಾರಿಗೂ ತಿಳಿಯುವುದಿಲ್ಲ.

ಮೊದಲು ಬ್ರೇಕ್ ನೋಡು. ಖಾಲಿ ಲಾರಿಯನ್ನು ಸಮತಟ್ಟು ರಸ್ತೆಯಲ್ಲಿ ಬ್ರೇಕ್ ಹೆಚ್ಚು ತುಳಿಯದೆ ಓಡಿಸಿ ನಿಲ್ಲಿಸು. ಇಳಿದು ಪ್ರತಿ ಚಕ್ರದ ಡ್ರಮ್ಮಿಗೆ ನೀರು ಚಿಮುಕಿಸು. ಯಾವುದು ಚುರ್ ಎಂದು ಹಬೆ ಬಿಡುತ್ತದೋ ಅಲ್ಲಿ ಬ್ರೇಕ್ ಕಚ್ಚಿಕೊಂಡಿದೆ ಎಂದರ್ಥ. ಕಚ್ಚಿಕೊಂಡ ಬ್ರೇಕನ್ನು ಎಳೆದುಕೊಂಡು ಹೋಗುವುದಕ್ಕೇ ಅರ್ಧ ಡೀಸೆಲ್ ಖರ್ಚಾಗುತ್ತದೆ. ಆಮೇಲೆ ಟಯರಿನ ಗಾಳಿ. ಆಮೇಲೆ ಏರ್ ಫಿಲ್ಟರ್. ಕಲ್ಲುಪುಡಿಯ ನಡುವೆ ಇರುವವಳು ನೀನು, ಅದನ್ನು ಊದಿ ಹಾಕಿದರೆ ಸಾಲದು, ಹೊಸದು ಹಾಕು.

ಮುಂದಿನ ಪತ್ರದಲ್ಲಿ "ಮೈ ಸರಿಯಿಲ್ಲ" ಎಂದು ಬರೆಯಬೇಡ. ಲಾರಿಗೆ ಮೈ ಸರಿಯಿಲ್ಲ ಎಂದರೆ ನಾನೇನು ಕಷಾಯ ಕಳುಹಿಸಲೇ?

ಅತ್ತೆ


ಟಯರ್ ಅಂಗಡಿಯ ಮೇಲಿನ ಕೋಣೆ
ಫೆಬ್ರವರಿ 17

ಅತ್ತೆಯವರಿಗೆ,

ನಿಮ್ಮ ಪತ್ರವನ್ನು ಕ್ಯಾಬಿನ್ನಿನ ಗಾಜಿಗೆ ಸಿಕ್ಕಿಸಿಕೊಂಡು ಹೇಳಿದ ಕ್ರಮದಲ್ಲೇ ಮಾಡಿದೆ. ಹಿಂದಿನ ಎಡಚಕ್ರದ ಡ್ರಮ್ಮಿಗೆ ನೀರು ಬಿದ್ದದ್ದೇ ತಡ, ಹಬೆ ಮುಖಕ್ಕೆ ಹೊಡೆಯಿತು. ಒಳಗೆ ಸ್ಪ್ರಿಂಗ್ ತುಂಡಾಗಿತ್ತು. ಬದಲಾಯಿಸಿದ ಮೇಲೆ ಅದೇ ರಸ್ತೆಯಲ್ಲಿ ಓಡಿಸಿದೆ. ಸಮತಟ್ಟಿನಲ್ಲಿ ಈಗ ಹಗುರವಾಗಿ ಹೋಗುತ್ತಾಳೆ. ಟಯರಿನ ಗಾಳಿ ಸರಿಯಾಗಿತ್ತು. ಏರ್ ಫಿಲ್ಟರ್ ಹೊಸದು ಹಾಕಿದೆ, ಹಳೆಯದನ್ನು ಬಡಿದರೆ ಒಂದು ಬಾಂಡಲಿ ಪುಡಿ ಬಿತ್ತು. ಬಲಗಾಲನ್ನೂ ಹಗುರ ಮಾಡಿಕೊಂಡಿದ್ದೇನೆ. ಗೇರನ್ನು ಮೊದಲೇ ಇಳಿಸುತ್ತಿದ್ದೇನೆ.

ಏರಿನಲ್ಲಿ ಮಾತ್ರ ಹಿಂದಿನ ಹಾಗೆಯೇ ಇದೆ. ಅದೇ ಹೊಗೆ, ಅದೇ ನಡುಕ. ಅರ್ಧ ಏರಿದ ಮೇಲೆ ಬಿಕ್ಕಲು ಶುರು ಮಾಡುತ್ತಾಳೆ. ಬರವಣಿಗೆಯಲ್ಲಿ ಇದಕ್ಕಿಂತ ಹೆಚ್ಚು ಹೇಳಲು ನನಗೆ ಬರುವುದಿಲ್ಲ. ಅದಕ್ಕೇ ನಿನ್ನೆ ಬಂಕಿನವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಏರು ಹತ್ತಿ, ಅವಳ ಫೋನಿನಲ್ಲಿ ಶಬ್ದ ರೆಕಾರ್ಡ್ ಮಾಡಿಸಿ ಭಾವನವರ ಫೋನಿಗೆ ಕಳುಹಿಸಿದ್ದೇನೆ. ದಯವಿಟ್ಟು ಕೇಳಿ. ನನ್ನೊಡನೆ ಮಾತಾಡದಿದ್ದರೂ ಪರವಾಗಿಲ್ಲ, ದೊಡ್ಡಕ್ಕನ ದನಿಯನ್ನಾದರೂ ಕೇಳಿ.

ನಿಮ್ಮ ಸೊಸೆ


ಮನೆ
ಫೆಬ್ರವರಿ 24

ಕಿರಿಯವಳಿಗೆ,

ಕೇಳಿದೆ. ಎರಡು ಸಲ ಹಾಕಿಸಿ ಕೇಳಿದೆ. ಸಂಶಯವೇ ಇಲ್ಲ, ಅದು ಬಿಕ್ಕಳಿಕೆ.

ಡೀಸೆಲ್ ಹೋಗುವ ಪೈಪಿನೊಳಗೆ ಗಾಳಿ ಸೇರಿದೆ. ಡೀಸೆಲ್ ಜೊತೆಗೆ ಗಾಳಿಯ ಗುಳ್ಳೆ ಹೋದಾಗ ಎಂಜಿನ್ ಒಂದು ಏಟು ತಪ್ಪಿಸುತ್ತದೆ, ಮತ್ತೆ ಹಿಡಿಯುತ್ತದೆ, ಮತ್ತೆ ತಪ್ಪಿಸುತ್ತದೆ. ಅವಸರದಲ್ಲಿ ಉಂಡವರ ಹಾಗೆ. ನಿನ್ನ ಮಾವನವರ ಕಾಲದಲ್ಲಿ ದೊಡ್ಡಕ್ಕನಿಗೆ ಇದು ಎರಡು ಸಲ ಬಂದಿತ್ತು. ಎರಡು ಸಲವೂ ಅಂಗಳದಲ್ಲಿ ಲಾರಿ ನಿಲ್ಲುವ ಮೊದಲೇ ನಾನು ಹೇಳಿದ್ದೆ.

ಮಾಡಬೇಕಾದದ್ದು ಇಷ್ಟು. ಡೀಸೆಲ್ ಫಿಲ್ಟರಿನ ತಲೆಯ ಮೇಲೆ ಒಂದು ಸಣ್ಣ ಸ್ಕ್ರೂ ಇದೆ. ಅದನ್ನು ಸಡಿಲಿಸಿ ಕೈಪಂಪು ಒತ್ತುತ್ತಾ ಇರು. ಮೊದಲು ನೊರೆ ಬರುತ್ತದೆ. ನೊರೆ ನಿಂತು ಶುದ್ಧ ಡೀಸೆಲ್ ಬರುವ ತನಕ ಒತ್ತಬೇಕು, ಆಮೇಲೆ ಸ್ಕ್ರೂ ಬಿಗಿ ಮಾಡು. ಗಾಳಿ ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದು ಮುಖ್ಯ. ಟ್ಯಾಂಕಿನಿಂದ ಪಂಪಿನವರೆಗಿನ ಪೈಪು ಡೀಸೆಲನ್ನು ಎಳೆದುಕೊಳ್ಳುತ್ತದೆ. ಅಲ್ಲಿ ಸಂದಿದ್ದರೆ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಸೋರುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಜೋಡಣೆಗಳಲ್ಲಿರುವ ತಾಮ್ರದ ವಾಷರುಗಳನ್ನು ಬದಲಾಯಿಸು.

ನಾಜಲ್ ಮುಟ್ಟಬೇಡ. ಪಂಪು ಮುಟ್ಟಬೇಡ. ನಾನು ಹೇಳಿದ್ದನ್ನು ಮಾತ್ರ ಮಾಡು.

ಅತ್ತೆ


ಟಯರ್ ಅಂಗಡಿಯ ಮೇಲಿನ ಕೋಣೆ
ಮಾರ್ಚ್ 4

ಅತ್ತೆಯವರಿಗೆ,

ಮಾಡಿದೆ. ವಾಷರುಗಳನ್ನು ಬದಲಾಯಿಸಿದೆ. ನೊರೆ ಬರಲೇ ಇಲ್ಲ, ಮೊದಲ ಒತ್ತಿಗೇ ಶುದ್ಧ ಡೀಸೆಲ್ ಬಂತು. ಆದರೂ ನೀವು ಹೇಳಿದಿರಿ ಎಂದು ಟ್ಯಾಂಕಿನಿಂದ ಪಂಪಿನವರೆಗೆ ಹೊಸ ಪೈಪು ಹಾಕಿಸಿದೆ. ನಡುವೆ ಒಂದು ಗೇಣು ಪಾರದರ್ಶಕ ಪೈಪು ಸೇರಿಸಿ ಗುಳ್ಳೆ ಓಡುತ್ತದೆಯೇ ಎಂದು ನೋಡಿದೆ. ಒಂದೂ ಇಲ್ಲ. ಏರಿನಲ್ಲಿ ಅದೇ ಹೊಗೆ.

ಇಷ್ಟು ದಿನ ನಿಮ್ಮಿಂದ ಮುಚ್ಚಿಟ್ಟ ಒಂದು ವಿಷಯವಿದೆ. ಈ ತಿಂಗಳ ಕೊನೆಗೆ ಕ್ವಾರಿಯ ಮ್ಯಾನೇಜರು ದೊಡ್ಡಕ್ಕನ ಪರೀಕ್ಷೆ ಮಾಡುತ್ತಾರೆ. ಪೂರ್ತಿ ಭಾರ ಹೊತ್ತು, ಎಲ್ಲಿಯೂ ನಿಲ್ಲದೆ, ಹಿಂದಿನವರ ಮುಖಕ್ಕೆ ಹೊಗೆ ಬಿಡದೆ ಏರು ಹತ್ತಬೇಕು. ಆಗದಿದ್ದರೆ ಗೇಟಿನೊಳಗೆ ಬಿಡುವುದಿಲ್ಲ. ಕಳೆದ ವಾರ ಏರಿನ ಮಧ್ಯೆ ನಿಂತುಬಿಟ್ಟಿದ್ದೆ. ಹಿಂದೆ ಸಾಲಾಗಿ ಲಾರಿಗಳು, ಒಂದೇ ಸಮನೆ ಹಾರ್ನು. ಒಬ್ಬ ಇಳಿದು ಬಂದು, "ಅಕ್ಕಾ, ನೀವು ಕೆಳಗಿಳಿದು ತಳ್ಳಿ, ನಾವು ಕೂತ್ಕೊಂಡು ನೋಡ್ತೀವಿ" ಎಂದ. ನಾನು ಇಳಿಯಲಿಲ್ಲ. ಅವರೆಲ್ಲ ಹಿಂದೆ ಸರಿದ ಮೇಲೆ ರಿವರ್ಸ್ ಗೇರು ಹಾಕಿ ಕೆಳಗಿಳಿಸಿಕೊಂಡು ಬಂದೆ.

ನಿನ್ನೆ ಭಾವನವರಿಗೆ ಫೋನ್ ಮಾಡಿದಾಗ ಗುಜರಿಯವನು ನಿಮ್ಮನ್ನು ನೋಡಲು ಬರುತ್ತಾನೆ ಎಂದರು. ಕಾಗದಪತ್ರಗಳಲ್ಲಿ ಲಾರಿ ನಿಮ್ಮ ಹೆಸರಿನಲ್ಲಿದೆ, ನೀವು ಒಂದು ರುಜು ಹಾಕಿದರೆ ಮುಗಿಯಿತು. ಅತ್ತೆ ಏನಂತಾರೆ ಎಂದು ಕೇಳಿದ್ದಕ್ಕೆ, "ಅಮ್ಮ ಈಗ ಯಾರ ಮಾತೂ ಕೇಳೋದಿಲ್ಲ, ಬಿಡು" ಎಂದರು.

ಅತ್ತೆ, ನನಗೆ ಬರೀ ಲಾರಿ ಹೋಗುವುದಲ್ಲ. ಅದು ಹೋದರೆ ನಾನು ಮತ್ತೆ ಆ ಮನೆಯ ಮೂಲೆಯ ಕೋಣೆಗೆ ಬಂದು ಕೂರಬೇಕು. ಅವರು ತೀರಿಕೊಂಡ ವರ್ಷ ಅದೇ ಕೋಣೆಯಲ್ಲಿ ಕೂತು ದಿನಗಟ್ಟಲೆ ಬಿಕ್ಕಿದ್ದೇನೆ. ನಡುವೆ ಇದ್ದದ್ದು ಒಂದು ತೆಳ್ಳಗಿನ ಗೋಡೆ. ನೀವು ಒಂದು ದಿನವೂ ಬಾಗಿಲು ತಟ್ಟಲಿಲ್ಲ. ಅದನ್ನು ನಾನು ಯಾರಿಗೂ ಹೇಳಿಲ್ಲ, ನಿಮಗೂ ಹೇಳಬಾರದು ಎಂದಿದ್ದೆ. ಕೈ ತಡೆಯಲಿಲ್ಲ, ಬರೆದುಬಿಟ್ಟೆ. ಹರಿದು ಹಾಕಿ ಇನ್ನೊಂದು ಪತ್ರ ಬರೆಯುವಷ್ಟು ತಾಳ್ಮೆ ಇವತ್ತು ಇಲ್ಲ.

ನಿಮ್ಮ ಸೊಸೆ


ಮನೆ
ಮಾರ್ಚ್ 8

ಕಿರಿಯವಳಿಗೆ,

ಮತ್ತೊಮ್ಮೆ ನೋಡು. ಗುಳ್ಳೆ ಇಲ್ಲ ಎಂದರೆ ನೀನು ಖಾಲಿ ಲಾರಿ ನಿಲ್ಲಿಸಿಕೊಂಡು ನೋಡಿರಬೇಕು. ಭಾರ ಹಾಕಿ ಏರಿನಲ್ಲಿ ನೋಡಬೇಕು. ಟ್ಯಾಂಕಿನೊಳಗೆ ಇಳಿಬಿಟ್ಟಿರುವ ಪೈಪು ಬಿರುಕು ಬಿಟ್ಟಿರಬಹುದು, ಅದನ್ನೂ ತೆಗೆಸು. ನಾನು ಕಿವಿಯಾರೆ ಕೇಳಿದ್ದೇನೆ.

ಗುಜರಿಯವನು ಬಂದಿದ್ದ. ಎದುರಿನ ಕುರ್ಚಿಯಲ್ಲಿ ಕೂತು ಬಹಳ ಹೊತ್ತು ಮಾತಾಡಿದ. ನಾನು ಅವನ ಮುಖವನ್ನೇ ನೋಡುತ್ತಾ ಸುಮ್ಮನೆ ಕೂತಿದ್ದೆ. ಅವನು ಇನ್ನಷ್ಟು ಮಾತಾಡಿದ, ಬೆವರು ಒರೆಸಿಕೊಂಡ, ಕೊನೆಗೆ ಎದ್ದು ಕೈಮುಗಿದು ಹೋದ. ಆಮೇಲೆ ನಿನ್ನ ಭಾವ, ನನ್ನ ದೊಡ್ಡವನು, ಬಾಯಿಮಾತಿಗೆ ನಾನು ಬಗ್ಗುವುದಿಲ್ಲವೆಂದು ನನ್ನ ಕೈಗೆ ಒಂದು ಚೀಟಿ ಕೊಟ್ಟ: "ನೀನು ಸುಮ್ಮನಿದ್ದಷ್ಟೂ ಅವನು ರೇಟ್ ಏರಿಸುತ್ತಾ ಹೋದ, ಒಪ್ಪಿಬಿಡಮ್ಮ." ನಾನು ಒಪ್ಪಲಿಲ್ಲ. ತಿಂಗಳ ಕೊನೆಯವರೆಗೆ ರುಜು ಹಾಕುವುದಿಲ್ಲ ಎಂದು ಹೇಳಿದ್ದೇನೆ. ಅಲ್ಲಿಯವರೆಗೆ ನಿನಗೆ ಸಮಯವಿದೆ.

ಹಾರ್ನು ಹೊಡೆದವರ ಮುಂದೆ ಇಳಿಯದೆ ಇದ್ದದ್ದು ಸರಿ ಮಾಡಿದೆ.

ಉಳಿದ ವಿಷಯ ಓದಿದೆ.

ಅತ್ತೆ


ಟಯರ್ ಅಂಗಡಿಯ ಮೇಲಿನ ಕೋಣೆ
ಮಾರ್ಚ್ 15

ಅತ್ತೆಯವರಿಗೆ,

ಟ್ಯಾಂಕಿನೊಳಗಿನ ಪೈಪನ್ನೂ ತೆಗೆಸಿದೆ. ಸರಿಯಾಗಿದೆ. ಭಾರ ಹಾಕಿ, ಬಂಕಿನವಳನ್ನು ಮತ್ತೆ ಕೂರಿಸಿಕೊಂಡು, ಏರಿನಲ್ಲಿ ಗುಳ್ಳೆ ನೋಡಿಸಿದೆ. ಇಲ್ಲ.

ಅಷ್ಟಾದ ಮೇಲೆ, ಅತ್ತೆ ಅಷ್ಟು ಖಂಡಿತವಾಗಿ ಹೇಳಿದ್ದಾರಲ್ಲ, ಆ ರೆಕಾರ್ಡನ್ನು ನಾನೂ ಒಮ್ಮೆ ಕೇಳೋಣ ಎಂದು ಬಂಕಿನವಳ ಫೋನು ಇಸಿದುಕೊಂಡು ಹಾಕಿದೆ. ಲಾರಿಯ ಶಬ್ದ ಅದರಲ್ಲಿ ಇಲ್ಲವೇ ಇಲ್ಲ. ಕಳುಹಿಸುವಾಗ ಅವಳ ಬೆರಳು ತಪ್ಪಿದೆ. ಹೋಗಿರುವುದು ಅವಳ ಮೊಮ್ಮಗಳು ಏಳರ ಮಗ್ಗಿ ಹೇಳಿದ್ದು. ಭಾವನವರಿಗೆ ಫೋನ್ ಮಾಡಿ ವಿಚಾರಿಸಿದೆ. ಅವರು ಅಂಗಡಿಗೆ ಹೊರಟ ಅವಸರದಲ್ಲಿ ಅದನ್ನು ಕೇಳಿಯೇ ಇರಲಿಲ್ಲವಂತೆ. "ಅಮ್ಮನ ಕೈಗೆ ಹಾಕಿ ಕೊಟ್ಟೆ. ಕಿವಿಗಿಟ್ಕೊಂಡು, ತಲೆ ಆಡಿಸಿ, ಇನ್ನೊಂದ್ ಸಲ ಹಾಕು ಅಂದ್ರು. ಆಮೇಲೆ ಎದ್ದು ಹೋಗಿ ನಿಂಗೆ ಕಾಗದ ಬರೆಯೋಕೆ ಕೂತ್ರು" ಎಂದರು.

ನನಗೆ ಆಗ ಅವರ ಹಿಂದಿನ ಮಾತು ನೆನಪಾಯಿತು. ನೀವು ಯಾರ ಮಾತೂ ಕೇಳುವುದಿಲ್ಲ ಎಂದಿದ್ದರಲ್ಲ, ಅದು. ಕೋಣೆಯ ಮೆಟ್ಟಿಲು ಹತ್ತುತ್ತಾ ಆ ಮಾತನ್ನೇ ಮತ್ತೆ ಮತ್ತೆ ತಿರುಗಿಸಿ ನೋಡಿದೆ.

ಅತ್ತೆ, ತಪ್ಪು ನನ್ನದು. ಬೇರೆಯವರ ಕೈಯಲ್ಲಿ ಕಳುಹಿಸಿದ್ದನ್ನು ಪರೀಕ್ಷಿಸಲಿಲ್ಲ. ಇನ್ನು ಮುಂದೆ ಶಬ್ದ ಕಳುಹಿಸುವುದಿಲ್ಲ. ನನ್ನ ಕೈಗೆ, ಕಾಲಿಗೆ ತಿಳಿದದ್ದನ್ನು ಬರೆಯುತ್ತೇನೆ. ನೀವು ಓದಿ ಹೇಳಿ.

ನಿಂತಲ್ಲೇ ಎಂಜಿನ್ ಓಡುವಾಗ ಗೇರಿನ ಹಿಡಿಯ ಮೇಲೆ ಅಂಗೈ ಇಟ್ಟರೆ ಒಂದೇ ಸಮನಾದ ಕಂಪನ, ಮಲಗಿದ ಬೆಕ್ಕಿನ ಹಾಗೆ. ಎಲ್ಲಿಯೂ ತಪ್ಪುವುದಿಲ್ಲ. ಸಮತಟ್ಟಿನಲ್ಲಿಯೂ ಹಾಗೆಯೇ, ಹೊಗೆಯಿಲ್ಲ. ಏರು ಶುರುವಾಗಿ ಆಕ್ಸಿಲರೇಟರ್ ಒತ್ತಿದಾಗ ಮೊದಲು ಎಳೆಯುತ್ತಾಳೆ. ಇನ್ನೂ ಒತ್ತಿದರೆ ಕಾಲಡಿಯಲ್ಲಿ ಶಕ್ತಿ ಕುಸಿಯುತ್ತದೆ, ಎಂಜಿನ್ನಿನ ಮುಚ್ಚಳ ನಡುಗುತ್ತದೆ, ಕನ್ನಡಿಯಲ್ಲಿ ಕಪ್ಪು ಹೊಗೆ. ಕಾಲು ಸ್ವಲ್ಪ ಎತ್ತಿದರೆ ಚೇತರಿಸಿಕೊಳ್ಳುತ್ತಾಳೆ. ಮತ್ತೆ ಒತ್ತಿದರೆ ಮತ್ತೆ ಅದೇ. ಮಗು ಅತ್ತು ಅತ್ತು ಸುಸ್ತಾದ ಮೇಲೆ ಉಸಿರನ್ನು ತಡೆತಡೆದು ಒಳಗೆಳೆದುಕೊಳ್ಳುತ್ತದಲ್ಲ, ಹಾಗೆ.

ಪರೀಕ್ಷೆ ಇದೇ ತಿಂಗಳ ಇಪ್ಪತ್ತೇಳಕ್ಕೆ.

ನಿಮ್ಮ ಸೊಸೆ


ಮನೆ
ಮಾರ್ಚ್ 19

ಕಿರಿಯವಳಿಗೆ,

ಇದನ್ನು ತುರ್ತು ಅಂಚೆಯಲ್ಲಿ ಕಳುಹಿಸುತ್ತಿದ್ದೇನೆ. ಪೂರ್ತಿ ಓದಿ ಆಮೇಲೆ ಸ್ಪ್ಯಾನರ್ ಹಿಡಿ.

ಮಗ್ಗಿಯ ವಿಷಯ ನಾವು ಮಾತಾಡುವುದು ಬೇಡ. ಆ ಮಗು ಏಳರ ಮಗ್ಗಿ ಕಲಿತಿರುವುದು ಸಂತೋಷ.

ನೀನು ಮೊದಲೇ ಹೀಗೆ ಬರೆದಿದ್ದರೆ ಇಷ್ಟು ದಿನ ಹಾಳಾಗುತ್ತಿರಲಿಲ್ಲ. ಬಿಕ್ಕುತ್ತಾಳೆ, ಬಿಕ್ಕುತ್ತಾಳೆ ಎಂದು ಬರೆದೆ. ಈ ಮನೆಯಲ್ಲಿ ಬಿಕ್ಕು ಎಂದರೆ ಬಿಕ್ಕಳಿಕೆ. ಉಣ್ಣುವಾಗ ಮಗುವಿಗೆ ಬಿಕ್ಕು ಬಂತು, ನೀರು ಕುಡಿಸು ಎನ್ನುತ್ತೇವೆ. ನಿನ್ನ ತವರಿನಲ್ಲಿ ಹಾಗಲ್ಲ ಎಂದು ನನಗೆ ಹೊಳೆಯಲಿಲ್ಲ. ಈಗ ನಿನ್ನ ಈ ತಿಂಗಳ ಮೊದಲ ಪತ್ರವನ್ನು ತೆಗೆದು ಮತ್ತೆ ಓದಿದೆ. ಅಲ್ಲಿ ನಿನ್ನ ಬಗ್ಗೆ ಬರೆಯುವಾಗಲೂ ಅದೇ ಪದ ಹಾಕಿದ್ದೀಯ. ಗಂಡನನ್ನು ಕಳೆದುಕೊಂಡವಳು ಬಾಗಿಲು ಹಾಕಿಕೊಂಡು ಕೂತದ್ದು ಬಿಕ್ಕಳಿಕೆ ಬಂದು ಅಲ್ಲ. ಅಷ್ಟು ನನಗೆ ತಿಳಿಯುತ್ತದೆ.

ಅಂದರೆ ದೊಡ್ಡಕ್ಕನದೂ ಬಿಕ್ಕಳಿಕೆ ಅಲ್ಲ, ಅಳುವಿನ ಬಿಕ್ಕು. ಎರಡಕ್ಕೂ ಬಹಳ ವ್ಯತ್ಯಾಸವಿದೆ. ಬಿಕ್ಕಳಿಕೆಯಲ್ಲಿ ಒಳಗೆ ಹೋಗಬಾರದ ಗಾಳಿ ಹೋಗಿರುತ್ತದೆ. ಅಳುವಾಗ ಒಳಗೆ ಹೋಗಬೇಕಾದ ಗಾಳಿ ಸಾಕಾಗುವುದಿಲ್ಲ. ಅವಳಿಗೆ ಉಸಿರು ಕಟ್ಟುತ್ತಿದೆ. ಗಾಳಿ ಕಡಿಮೆಯಾಗಿ ಡೀಸೆಲ್ ಸುಡುವುದಿಲ್ಲ, ಹೊಗೆಯಾಗುತ್ತದೆ. ಶಕ್ತಿ ಸಾಲದೆ ನೀನು ಇನ್ನಷ್ಟು ಒತ್ತುತ್ತೀಯ, ಇನ್ನಷ್ಟು ಡೀಸೆಲ್ ಹೋಗುತ್ತದೆ, ಇನ್ನಷ್ಟು ಹೊಗೆ. ಟ್ಯಾಂಕ್ ಖಾಲಿಯಾಗುತ್ತಿರುವುದು ಹೀಗೆ.

ಏರ್ ಫಿಲ್ಟರ್ ಹೊಸದು. ಹಾಗಿದ್ದರೆ ತಡೆ ಇರುವುದು ಫಿಲ್ಟರ್ ಮತ್ತು ಎಂಜಿನ್ ನಡುವೆ. ಅಲ್ಲಿ ನಿನ್ನ ತೋಳಿನ ದಪ್ಪದ ರಬ್ಬರ್ ಹೋಸ್ ಇದೆ. ಹೊರಗಿನಿಂದ ನೋಡಿದರೆ ಗಟ್ಟಿಮುಟ್ಟಾಗಿರುತ್ತದೆ, ಯಾವ ಮೆಕ್ಯಾನಿಕ್ಕೂ ಅದನ್ನು ಅನುಮಾನಿಸುವುದಿಲ್ಲ. ಹಳೆಯ ಹೋಸಿನ ಒಳಪದರ ಎಣ್ಣೆಯ ಹಬೆ ಕುಡಿದು ಕಿತ್ತುಕೊಳ್ಳುತ್ತದೆ. ಎಂಜಿನ್ ಸುಮ್ಮನೆ ಓಡುವಾಗ ಅದು ತನ್ನ ಜಾಗದಲ್ಲಿ ಮಲಗಿರುತ್ತದೆ. ಎಂಜಿನ್ ಜೋರಾಗಿ ಉಸಿರೆಳೆದಾಗ ಎದ್ದು ಬಂದು ದಾರಿ ಮುಚ್ಚುತ್ತದೆ. ಎಂಜಿನ್ ಆರಿಸಿ ಹೊರಗಿನಿಂದ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಇದು ನನಗೆ ಹೇಗೆ ಗೊತ್ತು ಎಂದರೆ, ಹೋದ ವರ್ಷ ಮನೆಯ ತೊಟ್ಟಿಗೆ ನೀರೆಳೆಯುವ ಪಂಪು ಓಡುತ್ತಿತ್ತು, ನೀರು ಬರುತ್ತಿರಲಿಲ್ಲ. ಎಲ್ಲರೂ ಮೋಟಾರ್ ಸುತ್ತ ನಿಂತು ಅದರ ಶಬ್ದದ ಬಗ್ಗೆ ಚರ್ಚೆ ಮಾಡುತ್ತಿದ್ದರು. ಶಬ್ದ ಹೇಗಿತ್ತೋ ನಾನು ಹೇಳಲಾರೆ. ನಾನು ಹೋಗಿ ಪೈಪಿನ ಮೇಲೆ ಅಂಗೈ ಇಟ್ಟೆ. ಒಂದು ಕಡೆ ಒಳಗೇನೋ ಪಟಪಟ ಬಡಿದುಕೊಳ್ಳುತ್ತಿರುವುದು ಕೈಗೆ ತಿಳಿಯಿತು. ಕೊಯ್ದು ನೋಡಿದರೆ ಒಳಪದರ.

ನೀನೂ ಹಾಗೇ ಮಾಡು. ಲಾರಿ ನಿಲ್ಲಿಸಿಕೊಂಡು ಯಾರಾದರೂ ಜೋರಾಗಿ ರೇಸ್ ಕೊಡಲಿ. ಫ್ಯಾನಿನಿಂದ ದೂರ ನಿಂತು, ಸೆರಗು ಗಿರಗು ಕಟ್ಟಿಕೊಂಡು, ಹೋಸಿನ ಮೇಲೆ ಎರಡೂ ಅಂಗೈ ಇಡು. ಕಿವಿ ಕೊಡಬೇಡ, ಎಂಜಿನ್ನಿನ ಶಬ್ದ ದಾರಿ ತಪ್ಪಿಸುತ್ತದೆ. ಕೈ ಏನು ಹೇಳುತ್ತದೆ ನೋಡು. ಆಮೇಲೆ ಬಿಚ್ಚಿ ಒಳಗೆ ಬೆರಳಾಡಿಸು. ಹೋಸ್ ಇಲ್ಲದೆ ಒಂದು ಗಜವೂ ಲಾರಿ ಓಡಿಸಬೇಡ, ಕಲ್ಲುಪುಡಿ ಎಂಜಿನ್ನನ್ನೇ ತಿಂದುಹಾಕುತ್ತದೆ.

ಇದೂ ಅಲ್ಲವಾದರೆ ರುಜು ಹಾಕುತ್ತೇನೆ. ಆದರೆ ಇದೇ.

ಅತ್ತೆ


ಟಯರ್ ಅಂಗಡಿಯ ಮೇಲಿನ ಕೋಣೆ
ಮಾರ್ಚ್ 27

ಅತ್ತೆಯವರಿಗೆ,

ಈ ಲಕೋಟೆಯೊಳಗೆ ಕಪ್ಪಗೆ, ನಾಲಿಗೆಯ ಹಾಗೆ ಇರುವುದು ದೊಡ್ಡಕ್ಕನ ಹೋಸಿನ ಒಳಪದರ. ಮುಟ್ಟಿ ನೋಡಿ, ಎಣ್ಣೆ ಇನ್ನೂ ಅಂಟುತ್ತದೆ.

ಕೆಳಗಿನ ಟಯರ್ ಅಂಗಡಿಯವರು ರೇಸ್ ಕೊಟ್ಟರು. ನಾನು ಕೈ ಇಟ್ಟೆ. ಮೊದಲು ಏನೂ ಇಲ್ಲ. ಜೋರಾದಾಗ ಅಂಗೈ ಕೆಳಗೆ ಹಕ್ಕಿ ಸಿಕ್ಕಿಹಾಕಿಕೊಂಡ ಹಾಗೆ ಬಡಿತ. ಟಯರ್ ಅಂಗಡಿಯವರಿಗೂ ಕೈ ಇಡಿಸಿದೆ. "ಇದಾ? ಇದ್ನ ನಾನೇ ಹೋದ್ ತಿಂಗ್ಳು ಒರೆಸಿ ಚೆನ್ನಾಗಿದೆ ಅಂದಿದ್ದೆ" ಎಂದರು. ಹೊಸ ಹೋಸ್ ಸಿಗಲು ಎರಡು ದಿನ ಅಲೆದೆ. ಬೇರೇನನ್ನೂ ಮುಟ್ಟಲಿಲ್ಲ. ಒಂದು ಸಲಕ್ಕೆ ಒಂದೇ.

ಇವತ್ತು ಪರೀಕ್ಷೆ. ಮ್ಯಾನೇಜರು ಕಲ್ಲನ್ನು ಅಂಚಿನ ಮೇಲೆ ಬರುವಷ್ಟು ತುಂಬಿಸಿದರು. ನಾನು ಬೇಡ ಎನ್ನಲಿಲ್ಲ. ಎಂಜಿನ್ ಸೋಲುವ ಮೊದಲೇ ಗೇರು ಇಳಿಸಿದೆ. ಎಡಗೈಯನ್ನು ಎಂಜಿನ್ನಿನ ಮುಚ್ಚಳದ ಮೇಲೆ ಇಟ್ಟುಕೊಂಡೇ ಹತ್ತಿದೆ. ಅರ್ಧ ದಾರಿ, ಅವಳು ಯಾವಾಗಲೂ ಬಿಕ್ಕುವ ಜಾಗ, ಬಂತು, ಹೋಯಿತು. ಕನ್ನಡಿಯಲ್ಲಿ ಹಿಂದಿನ ಲಾರಿಯ ನಂಬರು ಸ್ಪಷ್ಟವಾಗಿ ಓದುವ ಹಾಗಿತ್ತು. ಮೇಲೆ ಹೋಗಿ ನಿಲ್ಲಿಸಿದಾಗ ಮ್ಯಾನೇಜರು ಹೊಗೆ ಕೊಳವೆಯ ಹತ್ತಿರ ಬಂದು ಕರವಸ್ತ್ರ ಹಿಡಿದು ನೋಡಿ ಮಡಿಚಿ ಜೇಬಿಗೆ ಹಾಕಿಕೊಂಡರು. "ನಾಳೆ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಬನ್ನಿ" ಎಂದರು, ಅಷ್ಟೇ. ಬಂಕಿನವಳು ಮಾತ್ರ ಬೇಜಾರು ಮಾಡಿಕೊಂಡಿದ್ದಾಳೆ. "ಇನ್ ಮೇಲೆ ವಾರಕ್ಕೊಂದ್ ಸಲ ಬಂದ್ರೆ ನಂಗೆ ಯಾರೇ ಕಥೆ ಹೇಳೋರು?" ಎಂದಳು.

ಇನ್ನೊಂದು ವಿಷಯ. ಕ್ರಷರಿನ ಗದ್ದಲದಲ್ಲಿ ಕೆಲಸ ಮಾಡುವವರ ಕಿವಿ ನೋಡಲು ಇಲ್ಲಿಗೆ ತಿಂಗಳಿಗೊಮ್ಮೆ ಡಾಕ್ಟರಮ್ಮ ಬರುತ್ತಾರೆ. ನಾನೂ ತೋರಿಸಿಕೊಳ್ಳಬೇಕು. ಒಬ್ಬಳೇ ಹೋಗಲು ಹಿಂಜರಿಕೆ. ನೀವು ಜೊತೆಗೆ ಬಂದರೆ ಧೈರ್ಯ. ಏಪ್ರಿಲ್ ಮಧ್ಯದಲ್ಲಿ ರಜೆ ಇದೆ, ದೊಡ್ಡಕ್ಕನನ್ನು ತೆಗೆದುಕೊಂಡು ನಾನೇ ಬಂದು ಕರೆದುಕೊಂಡು ಹೋಗುತ್ತೇನೆ.

ನಿಮ್ಮ ಸೊಸೆ


ಮನೆ
ಏಪ್ರಿಲ್ 2

ಕಿರಿಯವಳಿಗೆ,

ತುಂಡು ತಲುಪಿತು. ಕಿಟಕಿಯ ಮೇಲಿಟ್ಟಿದ್ದೇನೆ. ಗುಜರಿಯವನು ಮತ್ತೆ ಬಂದಿದ್ದ, ಅದನ್ನು ಅವನ ಕೈಗೆ ಕೊಟ್ಟು, ಈ ಲಾರಿಯಿಂದ ನಿನಗೆ ಸಿಗುವುದು ಇಷ್ಟೇ ಎಂದೆ. ವಾಪಸು ಇಸಿದುಕೊಂಡೆ. ಲಾರಿಯನ್ನು ನಿನ್ನ ಹೆಸರಿಗೆ ಬರೆಯಲು ದೊಡ್ಡವನಿಗೆ ಹೇಳಿದ್ದೇನೆ. ಅವನು ಏನೋ ಉದ್ದವಾಗಿ ಹೇಳಿದ. ನಾನು ಅವನ ಮುಖ ನೋಡುತ್ತಾ ಕೂತೆ. ಒಪ್ಪಿದ.

ಹೊಸ ಹೋಸಿನ ಕ್ಲಾಂಪುಗಳನ್ನು ಒಂದು ವಾರ ಓಡಿಸಿದ ಮೇಲೆ ಮತ್ತೆ ಬಿಗಿ ಮಾಡು. ರಬ್ಬರ್ ಕೂರುತ್ತದೆ.

ಡಾಕ್ಟರ ಹತ್ತಿರ ಹೋಗಲು ನಿನಗೆ ಹಿಂಜರಿಕೆ ಎಂಬುದನ್ನು ನಾನು ನಂಬುವುದಿಲ್ಲ. ಹಾರ್ನಿಗೆ ಹೆದರದವಳು ಡಾಕ್ಟರಿಗೆ ಹೆದರುತ್ತಾಳೆಯೇ? ಆದರೂ ನಿನ್ನ ಜೊತೆಗೆ ಬರುತ್ತೇನೆ. ಬಂದ ಮೇಲೆ ಅವರು ನನ್ನದನ್ನೂ ನೋಡುವುದಾದರೆ ನೋಡಲಿ. ದಾರಿಯುದ್ದಕ್ಕೂ ನನ್ನೊಡನೆ ಮಾತಾಡಬೇಡ, ರಸ್ತೆ ನೋಡು. ನಾನು ಎಂಜಿನ್ನಿನ ಮುಚ್ಚಳದ ಮೇಲೆ ಕೈ ಇಟ್ಟುಕೊಂಡು ಕೂರುತ್ತೇನೆ. ನೀನು ಗೇರು ತಡವಾಗಿ ಇಳಿಸಿದರೆ ನನಗೆ ಗೊತ್ತಾಗುತ್ತದೆ.

ಆ ಗೋಡೆಯ ವಿಷಯ ಬರೆದಿದ್ದೆ. ಗೋಡೆ ತೆಳುವೇ. ಕೇಳಿಸಿದ್ದರೆ ಬರುತ್ತಿದ್ದೆ.

ಹಿಂದಿನ ಎರಡು ಪತ್ರಗಳಿಂದ ನೀನು ಅಕ್ಷರಗಳನ್ನು ದೊಡ್ಡದಾಗಿ ಬರೆಯುತ್ತಿದ್ದೀಯ. ಕಾಗದ ದಂಡ. ದೊಡ್ಡವನು ಕನ್ನಡಕದ ಅಂಗಡಿ ಇಟ್ಟವನು, ಪ್ರತಿ ವರ್ಷ ನನ್ನನ್ನು ಕೂರಿಸಿ ಪರೀಕ್ಷೆ ಮಾಡುತ್ತಾನೆ. ನನ್ನ ಕಣ್ಣು ಚೆನ್ನಾಗಿದೆ. ಮೊದಲಿನ ಹಾಗೆಯೇ ಬರೆ.

ಅತ್ತೆ